ದಾರಿ ತಪ್ಪಿದವನ ಮೇಲೆ ದೇವರಿಗೆ ಅಷ್ಟೊಂದು ಪ್ರೀತಿ ಇದ್ದರೆ, ಮನೆಯಲ್ಲೇ ಇದ್ದವರ ಗತಿ ಏನು?

ನೈಟ್‌ಡ್ಯೂಟಿ_ಅಕ್ಕ, ದಾವಣಗೆರೆ (ಗುರುವಾರ ರಾತ್ರಿ)

ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದು ಅಳಿಸಿದರೂ ಅಳಿಸಿದೆ.

ನಾವು ಅಜ್ಜನ ಕಾಲದಿಂದ ಕ್ರೈಸ್ತರು. ಅಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ ಮುಚ್ಚಿದ ಮೇಲೆ ಗೋಡೌನ್ ಕಾಯುವ ಕೆಲಸ ಮಾಡಿದರು. ಈಗ 74 ವರ್ಷ, ಮನೆಯಲ್ಲೇ ಇರುತ್ತಾರೆ. ಅಮ್ಮ ತೀರಿಕೊಂಡು ಆರು ವರ್ಷ ಆಯಿತು. ನಾನು ನರ್ಸ್. ಮದುವೆ ಆಗಿಲ್ಲ, ಯಾಕೆ ಅಂತ ಕೇಳಬೇಡಿ, ಮನೆ ನೋಡಿಕೊಳ್ಳುವವರು ಒಬ್ಬರು ಬೇಕಿತ್ತು ಅಷ್ಟೇ.

ನನಗೊಬ್ಬ ತಮ್ಮ. ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಹೋದ. ಸುಮ್ನೆ ಹೋಗಲಿಲ್ಲ. ಕ್ರಿಕೆಟ್ ಬೆಟ್ಟಿಂಗು, ಕುಡಿತ, ಊರು ತುಂಬಾ ಸಾಲ ಮಾಡಿಕೊಂಡು, ಕೊನೆಗೆ ಬೀರುವಿನಲ್ಲಿದ್ದ ಅಮ್ಮನ ಸರವನ್ನೂ ತೆಗೆದುಕೊಂಡು ಹೋಗಿ ಗಿರವಿ ಇಟ್ಟು ಮಾಯವಾದ. ಆ ಸರ ಬಿಡಿಸಿಕೊಳ್ಳಲು ನನಗೆ ಹದಿನಾಲ್ಕು ತಿಂಗಳ ಓವರ್‌ಟೈಮ್ ಬೇಕಾಯಿತು. ಸಾಲದವರು ಬಾಗಿಲಿಗೆ ಬಂದಾಗ ಮಾತಾಡಿದವಳು ನಾನು. ಅಪ್ಪನ ಕಣ್ಣಿನ ಆಪರೇಷನ್ ಮಾಡಿಸಿದವಳು ನಾನು.

ಈ ನಾಲ್ಕು ವರ್ಷ ಅಪ್ಪ ರಾತ್ರಿ ಮುಂಬಾಗಿಲಿಗೆ ಚಿಲಕ ಹಾಕಿಲ್ಲ. ಬಾಗಿಲು ಮುಂದೆ ಮಾಡಿ, ಒಂದು ಪ್ಲಾಸ್ಟಿಕ್ ಕುರ್ಚಿ ಒತ್ತಿಟ್ಟು ಮಲಗುತ್ತಾರೆ. ಕಳ್ಳರು ಬರ್ತಾರೆ ಅಪ್ಪಾ ಅಂದರೆ, 'ಬಂದರೆ ಕುರ್ಚಿ ಸದ್ದಾಗುತ್ತೆ ಬಿಡು' ಅಂತಾರೆ. ಯಾರಿಗೋಸ್ಕರ ಅಂತ ನನಗೆ ಗೊತ್ತಿಲ್ವಾ?

ಮೊನ್ನೆ ಮಂಗಳವಾರ ಹುಬ್ಬಳ್ಳಿಯಿಂದ ಫೋನ್ ಬಂತು. ಭಾನುವಾರ ಬರ್ತೀನಿ ಅಂದನಂತೆ. ಅಷ್ಟೇ ಸಾಕಾಯಿತು. ಬಿಸಿಲಿಗೆ ಹೋಗಬೇಡಿ ಅಂತ ಡಾಕ್ಟರ್ ಹೇಳಿರುವ ಮನುಷ್ಯ ಮಧ್ಯಾಹ್ನ ಹನ್ನೆರಡಕ್ಕೆ ಮಂಡಿಪೇಟೆಗೆ ಹೋಗಿ ಅವನಿಗೆ ಒಂದು ಶರ್ಟು, ಒಂದು ಜೊತೆ ಚಪ್ಪಲಿ ತಂದಿದ್ದಾರೆ. ಒಂಬತ್ತನೇ ನಂಬರ್. ಅವನ ಕಾಲಿನ ಅಳತೆ ಅವರಿಗೆ ಇನ್ನೂ ನೆನಪಿದೆ. ನನ್ನದು ಕೇಳಿ, ಹೇಳಲಿ ನೋಡೋಣ. ಎರಡು ಕೇಜಿ ಮಟನ್‌ಗೆ ಬೇರೆ ಹೇಳಿಟ್ಟಿದ್ದಾರೆ. ನನ್ನ ಹುಟ್ಟುಹಬ್ಬಕ್ಕೆ ಅರ್ಧ ಕೇಜಿ ಕೇಕೂ ಬಂದಿಲ್ಲ ಈ ಮನೆಗೆ.

ಹೋದ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಓದಿದ್ದೂ ಅದನ್ನೇ. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಅದು ಸಿಕ್ಕರೆ ಪರಲೋಕದಲ್ಲಿ ಉಳಿದ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಸಂತೋಷ. ಎಲ್ಲರೂ ಆಮೆನ್ ಅಂದರು. ನಾನು ಅನ್ನಲಿಲ್ಲ.

ನನ್ನ ಪ್ರಶ್ನೆ ನೇರ. ಕೆಟ್ಟು ಹೋದವನ ಮೇಲೆ ದೇವರಿಗೆ ಅಷ್ಟು ಪ್ರೀತಿ ಅಂದರೆ ಕೆಡದೇ ಉಳಿದದ್ದೇ ನಮ್ಮ ತಪ್ಪಾ? ಭಕ್ತಿಯ ಮಾತು ಬೇಡ, ಪ್ರಾರ್ಥನೆ ಮಾಡಿ ಸಿಸ್ಟರ್ ಅಂತ ಬರೆಯಬೇಡಿ. ಯೋಚನೆ ಮಾಡಿದವರು ಉತ್ತರ ಕೊಡಿ.

ಕರಿಕಂಬಳಿ, ಚಳ್ಳಕೆರೆ ಕಡೆ

ಅಕ್ಕಾ, ನಾನು ನಿಮ್ಮ ಧರ್ಮದವನಲ್ಲ, ಬೈಬಲ್ ಓದಿಲ್ಲ. ಕುರಿ ಅಂತ ಕಂಡಿತು, ಸುಮ್ನಿರಲಾಗಲಿಲ್ಲ. ನಮ್ಮದು ಮೂರು ತಲೆಮಾರಿನಿಂದ ಕುರಿ ಮನೆ.

ನಮ್ಮ ಕಡೆ ಮಳೆ ಕಮ್ಮಿ ಅಂತ ನಿಮಗೆ ಗೊತ್ತೇ ಇದೆ. ಮೇವು ಮುಗಿದ ಮೇಲೆ ಕುರಿ ಹೊಡೆದುಕೊಂಡು ನಿಮ್ಮ ದಾವಣಗೆರೆ ಕಡೆಗೇ ಬರುತ್ತೇವೆ, ಭದ್ರಾ ನಾಲೆ ಕೆಳಗಿನ ಗದ್ದೆಗಳಿಗೆ, ಭತ್ತ ಕೊಯ್ದ ಮೇಲೆ. ರಾತ್ರಿ ಗದ್ದೆಯಲ್ಲಿ ಕುರಿ ತರುಬಿದರೆ ಅವರಿಗೆ ಗೊಬ್ಬರ, ನಮಗೆ ಒಂದಿಷ್ಟು ದುಡ್ಡೋ ಕಾಳೋ. ನಾನು ಆರನೇ ಕ್ಲಾಸಿನಲ್ಲಿದ್ದಾಗ ರಜೆಗೆ ಅಜ್ಜನ ಜೊತೆ ಹೋಗಿದ್ದೆ. ಒಂದು ಸಂಜೆ ಹೊಳಲ್ಕೆರೆ ದಾಟಿ ಬೀಡು ಬಿಟ್ಟಾಗ ಒಂದು ಕುರಿ ಇಲ್ಲ. ಅಜ್ಜ ಎಣಿಸಿ ಕಂಡುಹಿಡಿದದ್ದಲ್ಲ. ಮಂದೆ ಮುಂದೆ ಹಾದು ಹೋಗುವಾಗ ಮುಖ ನೋಡುತ್ತಾ ನಿಂತಿದ್ದವರು, ಕೊನೆಗೆ 'ಕಿವಿಹರುಕಿ ಎಲ್ಲಿ?' ಅಂದರು.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ತೊಂಬತ್ತೊಂಬತ್ತನ್ನು ಬಯಲಲ್ಲಿ ಬಿಟ್ಟು ಹೋಗುವ ಕುರುಬ ನಮ್ಮ ಕಡೆ ಒಬ್ಬನೂ ಇಲ್ಲ. ತೋಳ ಇದೆ, ಕಳ್ಳರಿದ್ದಾರೆ. ಮಂದೆ ಹತ್ತಿರ ನಮ್ಮ ಚಿಕ್ಕಪ್ಪ ಇದ್ದರು, ಎರಡು ನಾಯಿ ಇದ್ದವು, ಸುತ್ತ ಬಲೆ ಕಟ್ಟಿತ್ತು. ಆಮೇಲೇ ಅಜ್ಜ ಬ್ಯಾಟರಿ ಹಿಡಿದು ಹೊರಟದ್ದು. ಹಠ ಮಾಡಿ ನಾನೂ ಹೋದೆ.

ಸಿಕ್ಕಿದ್ದು ನಡುರಾತ್ರಿ ದಾಟಿದ ಮೇಲೆ. ಹಳ್ಳದ ದಂಡೆಯ ಜಾಲಿ ಪೊದೆಯೊಳಗೆ ಉಣ್ಣೆ ಮುಳ್ಳಿಗೆ ಸಿಕ್ಕಿಕೊಂಡು ನಿಂತಿತ್ತು. ಕೂಗುತ್ತಾ ಇರಲಿಲ್ಲ. ನಾವು ಎರಡು ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ದೆವು, ಬಾಯಿ ಬಿಟ್ಟಿರಲಿಲ್ಲ. ಬ್ಯಾಟರಿ ಬೆಳಕಿಗೆ ಕಣ್ಣು ಹೊಳೆದದ್ದಕ್ಕೆ ಗೊತ್ತಾಯಿತು. ಅಜ್ಜ ಮುಳ್ಳು ಬಿಡಿಸುವಾಗ ಮೊಣಕೈವರೆಗೂ ಗೀರಿಕೊಂಡರು. ಅದು ನಡೆಯಲಿಲ್ಲ, ಹೆಗಲ ಮೇಲೆ ಹಾಕಿಕೊಂಡರು. ದಾರಿಯಲ್ಲಿ ಕಂಬಳಿ ಮೇಲೆ ಉಚ್ಚೆ ಹೊಯ್ದಿತು. ದಾರಿ ಪೂರ್ತಿ ಅಜ್ಜ ಅದಕ್ಕೆ ಬೈದರು, ಇಲ್ಲಿ ಬರೆಯಲಾಗದ ಬೈಗುಳ.

ನಾನು ಹೇಳಬೇಕಾದದ್ದು ಇದು. ಕಿವಿಹರುಕಿ ಮೇಲೆ ಅಜ್ಜನಿಗೆ ಜಾಸ್ತಿ ಪ್ರೀತಿ ಏನೂ ಇರಲಿಲ್ಲ. ಅದು ಬೇರೆಯವರ ಹೊಲಕ್ಕೆ ಬಾಯಿ ಹಾಕುವ ಕುರಿ, ಅದರಿಂದ ಎಷ್ಟೋ ಸಲ ಜಗಳ ಆಗಿದೆ. ಆವತ್ತು ಅದು ಇರಲಿಲ್ಲ, ಅಷ್ಟೇ. ಇರುವ ಕುರಿ ಕಣ್ಣ ಮುಂದೆ ಇರುತ್ತದೆ, ಇಲ್ಲದ ಕುರಿ ಹೊಟ್ಟೆಯೊಳಗೆ ಇರುತ್ತದೆ. ನಿಮ್ಮ ಅಪ್ಪನದು ಜಾಸ್ತಿ ಪ್ರೀತಿ ಅಲ್ಲ ಅಕ್ಕಾ, ಜಾಸ್ತಿ ಸಂಕಟ. ನೀವು ಹೋಗಿದ್ದರೂ ಚಿಲಕ ಹಾಕುತ್ತಿರಲಿಲ್ಲ ಅವರು.

ಮಂಡಕ್ಕಿ_ಮೆಣಸಿನಕಾಯಿ

ಕರಿಕಂಬಳಿ ಅಣ್ಣ ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೆ ಎರಡು ತಕರಾರು ಇದೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಒಂದು, ಏನು ಮಾಡಿದರೂ ದೇವರು ಅಪ್ಪಿಕೊಳ್ಳುತ್ತಾನೆ ಅಂದರೆ ಎಲ್ಲರೂ ಇಪ್ಪತ್ತು ವರ್ಷ ಮಜಾ ಮಾಡಿ ಕೊನೆಗೆ ಬಂದು ಸಾರಿ ಅನ್ನಬಹುದಲ್ವಾ? ಎರಡು, ನನ್ನ ಆಫೀಸಿನಲ್ಲಿ ಕ್ರೈಸ್ತ ಸ್ನೇಹಿತರೊಬ್ಬರಿದ್ದಾರೆ, ಒಳ್ಳೆಯ ಮನುಷ್ಯ, ಆದರೆ ಒಂದು ದಿನ ಮಾತಿನ ಮಧ್ಯೆ 'ತಪ್ಪಿಹೋದವರಿಗಾಗಿ ಪ್ರಾರ್ಥಿಸುತ್ತೇವೆ' ಅಂದರು. ಅದು ನಾನು ಅಂತ ಆಮೇಲೆ ಹೊಳೆಯಿತು. ನಾನು ಎಲ್ಲೂ ತಪ್ಪಿಹೋಗಿಲ್ಲ ಸ್ವಾಮಿ, ವಿದ್ಯಾನಗರದಲ್ಲೇ ಇದ್ದೇನೆ.

ಸಂಡೆಸ್ಕೂಲ್_ಮೇಷ್ಟ್ರು, ದಾವಣಗೆರೆ

ವಿದ್ಯಾನಗರದವರಿಗೆ ಆಮೇಲೆ ಬರುತ್ತೇನೆ. ಮೊದಲು ಅಕ್ಕನಿಗೆ.

ತಾಯಿ, ನಿಮ್ಮ ಪಾಸ್ಟರ್ ಕುರಿಯ ಕಥೆಗೇ ನಿಲ್ಲಿಸಿದರು ಅಂತ ಕಾಣುತ್ತೆ. ಬೈಬಲಿನ ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಕಥೆ ಮೂರಿವೆ. ನೂರು ಕುರಿಯಲ್ಲಿ ಒಂದು, ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು, ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ. ನೂರು, ಹತ್ತು, ಎರಡು. ಲೆಕ್ಕ ಹತ್ತಿರ ಹತ್ತಿರ ಬರುತ್ತಾ ಮನೆಯೊಳಗೇ ಬಂತು ನೋಡಿ. ಇನ್ನೊಂದು, ಈ ಮೂರೂ ಕಥೆ ಯಾರಿಗೆ ಹೇಳಿದ್ದು? ಅಧ್ಯಾಯದ ಮೊದಲ ಎರಡು ವಚನ ಓದಿ. ಸುಂಕ ವಸೂಲಿ ಮಾಡುವವರು, ಊರಲ್ಲಿ ಹೆಸರು ಕೆಡಿಸಿಕೊಂಡವರು ಯೇಸುಸ್ವಾಮಿಯ ಹತ್ತಿರ ಬಂದು ಕೂರುತ್ತಿದ್ದರು. ಅದನ್ನು ನೋಡಿ ಧರ್ಮದ ಕಟ್ಟಳೆ ಬಿಗಿಯಾಗಿ ಪಾಲಿಸುವ ಫರಿಸಾಯರು, ಶಾಸ್ತ್ರಿಗಳು 'ಇವನು ಇಂಥವರನ್ನು ಸೇರಿಸಿಕೊಂಡು ಅವರ ಜೊತೆ ಊಟ ಮಾಡುತ್ತಾನೆ' ಅಂತ ಗೊಣಗಿದರು. ಆ ಗೊಣಗಿದವರಿಗೆ ಹೇಳಿದ ಕಥೆಗಳು ಇವು. ಅಂದರೆ ಮನೆಯಲ್ಲೇ ಇದ್ದವರಿಗೆ. ನಿಮಗೆ.

ನಾನು ಮೂವತ್ತು ವರ್ಷ ಮಕ್ಕಳಿಗೆ ದುಂದುಗಾರ ಮಗನ ಪಾಠ ಮಾಡಿದ್ದೇನೆ, ಅದೇ ಮೂರನೇ ಕಥೆ. ಕಿರಿಯ ಮಗ ತನ್ನ ಪಾಲು ಕೇಳಿ ತೆಗೆದುಕೊಂಡು ದೂರ ದೇಶಕ್ಕೆ ಹೋಗಿ ಎಲ್ಲ ಕಳೆದು, ಹಂದಿ ಮೇಯಿಸಿ, ಹಸಿದು ವಾಪಸ್ ಬರುತ್ತಾನೆ; ಅಪ್ಪ ಅವನನ್ನು ಅಪ್ಪಿಕೊಂಡು ಹಬ್ಬದ ಊಟ ಮಾಡಿಸುತ್ತಾನೆ; ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಒಳಗೇ ಬರಲ್ಲ. ಪ್ರತಿ ವರ್ಷ ನಾಟಕ ಆಡಿಸುತ್ತೇವೆ. ಕಿರಿಯ ಮಗನ ಪಾತ್ರಕ್ಕೆ ಮಕ್ಕಳು ಜಗಳ ಆಡುತ್ತವೆ, ಹಂದಿ ಆಗಲಿಕ್ಕೂ ನಾಲ್ಕು ಜನ ಸಿಗುತ್ತಾರೆ. ಹಿರಿಯ ಮಗ ಆಗು ಅಂದರೆ ಒಬ್ಬನೂ ಮುಂದೆ ಬರಲ್ಲ. ಆದರೆ ಆ ಪಾತ್ರದ ಮಾತನ್ನು ನಿಧಾನಕ್ಕೆ ಓದಿ ನೋಡಿ.

ಕಿರಿಯವನು ಹಂದಿ ಮೇಯಿಸುವ ಸ್ಥಿತಿಗೆ ಬಂದಾಗಲೂ (ಯೆಹೂದ್ಯರಿಗೆ ಹಂದಿ ಅಶುದ್ಧ, ಅದಕ್ಕಿಂತ ಕೆಳಗೆ ಇಳಿಯಲಾಗದು ಅಂತ ಅರ್ಥ) ಬಾಯಲ್ಲಿ 'ಅಪ್ಪಾ' ಅಂತಲೇ ಇದೆ. ಹಿರಿಯವನು ಅಪ್ಪನ ಎದುರೇ ನಿಂತು ಅಷ್ಟುದ್ದ ಮಾತಾಡುತ್ತಾನೆ, ಒಂದು ಸಲವೂ 'ಅಪ್ಪಾ' ಅನ್ನಲ್ಲ. ಇಷ್ಟು ವರ್ಷ ನಿನಗೆ ಗುಲಾಮನ ಹಾಗೆ ದುಡಿದೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಅನ್ನುತ್ತಾನೆ. ತಮ್ಮ ಅಂತಲೂ ಅನ್ನಲ್ಲ, 'ಈ ನಿನ್ನ ಮಗ' ಅನ್ನುತ್ತಾನೆ. ಅಪ್ಪ ಅದನ್ನು ತಿದ್ದುತ್ತಾನೆ, 'ಈ ನಿನ್ನ ತಮ್ಮ' ಅಂತ. ತಮ್ಮ ವೇಶ್ಯೆಯರ ಜೊತೆ ದುಡ್ಡು ಹಾಳು ಮಾಡಿದ ಅಂತ ಹೇಳುವವನೂ ಹಿರಿಯವನೇ. ಅದಕ್ಕೆ ಮುಂಚೆ ಕಥೆಯಲ್ಲಿ ಆ ಮಾತೇ ಇಲ್ಲ, ದುಂದು ಮಾಡಿದ ಅಂತಷ್ಟೇ ಇದೆ. ಹೊಲದಲ್ಲಿದ್ದವನಿಗೆ ಅದು ಹೇಗೆ ಗೊತ್ತಾಯಿತೋ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ದಿನ ಅಪ್ಪ ಮನೆಯಿಂದ ಹೊರಗೆ ಬಂದದ್ದು ಎಷ್ಟು ಸಲ? ಎರಡು. ಕಿರಿಯವನು ದೂರದಲ್ಲಿ ಕಂಡಾಗ ಒಂದು ಸಲ. ಹಿರಿಯವನು ಒಳಗೆ ಬರಲ್ಲ ಅಂತ ಅಂಗಳದಲ್ಲೇ ನಿಂತಾಗ ಇನ್ನೊಂದು ಸಲ. ಮನೆ ತುಂಬಾ ನೆಂಟರು, ಊಟ, ಹಾಡು. ಅದೆಲ್ಲ ಬಿಟ್ಟು ಯಜಮಾನ ಎದ್ದು ಬಂದು ಬೇಡಿಕೊಳ್ಳುತ್ತಾನೆ. 'ಮಗನೇ, ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲಾ ನಿನ್ನದೇ' ಅನ್ನುತ್ತಾನೆ. ಇದು ಬರೀ ಸಮಾಧಾನದ ಮಾತಲ್ಲ, ಆಸ್ತಿ ಲೆಕ್ಕದಲ್ಲೂ ನಿಜ. ಯೆಹೂದ್ಯರು ಪಾಲಿಸುವ ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹಿರಿಯ ಮಗನಿಗೆ ಎರಡು ಪಾಲು. ಕಿರಿಯವನ ಪಾಲು ಮೊದಲೇ ಕೊಟ್ಟಾಗಿದೆ, ಅವನು ಕಳೆದೂ ಆಗಿದೆ. ಉಳಿದದ್ದು ಹಿರಿಯವನದು. ಅಪ್ಪುಗೆ ಸಿಕ್ಕಿತು, ಉಂಗುರ ಸಿಕ್ಕಿತು, ಹೊಸ ಪಾಲು ಕೊಟ್ಟರು ಅಂತ ಎಲ್ಲೂ ಇಲ್ಲ.

ವಿದ್ಯಾನಗರದ ಸಾರ್, ಏನು ಮಾಡಿದರೂ ನಡೆಯುತ್ತಾ ಅಂತ ಮೊದಲ ಕ್ರೈಸ್ತರಿಗೆ ಪತ್ರ ಬರೆದ ಪೌಲನ ಕಾಲದಲ್ಲೇ ಜನ ಕೇಳಿದ್ದರು. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವಾ ಅಂತ ಅವನೇ ಬರೆದು, ಎಂದಿಗೂ ಬೇಡ ಅಂತ ಅವನೇ ಉತ್ತರ ಕೊಟ್ಟಿದ್ದಾನೆ, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ಮತ್ತೆ ಮಜಾ ಅಂದಿರಲ್ಲ, ಹಂದಿಗೆ ಹಾಕಿದ ಕಾಯಿಯನ್ನು ನೋಡಿ ಬಾಯಲ್ಲಿ ನೀರು ಬರುವುದು ಯಾವ ಸೀಮೆ ಮಜಾ? ಹೋಗಿ ಬಂದವರನ್ನು ಕೇಳಿ.

ಎರಡನೇ ತಕರಾರು ನ್ಯಾಯವಾದದ್ದು. ನಮ್ಮವರು ಆ ಮಾತನ್ನು ಬೇರೆಯವರ ಬೆನ್ನಿಗೆ ಅಂಟಿಸುವ ಚೀಟಿ ಮಾಡಿಕೊಂಡಿದ್ದಾರೆ. ಕಥೆಯಲ್ಲಿ ಹಾಗಿಲ್ಲ. ದಾರಿಯಲ್ಲಿ ಬಿದ್ದ ಕಲ್ಲನ್ನು ಯಾರೂ ಕಳೆದುಹೋಯಿತು ಅನ್ನಲ್ಲ. ಯಾರೋ ಒಬ್ಬರಿಗೆ ಅದು ಬೇಕು, ಅವರ ಲೆಕ್ಕದಲ್ಲಿ ಅದು ಇದೆ, ಆಗ ಮಾತ್ರ ಆ ಪದ. ಕುರಿ ಮೊದಲೇ ಮಂದೆಯದು, ನಾಣ್ಯ ಮೊದಲೇ ಆ ಹೆಂಗಸಿನದು. ನಮ್ಮ ಅಜ್ಜಿ ಓದುತ್ತಿದ್ದ ಹಳೇ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಅಪ್ಪನ ಮಾತು 'ಪೋಲಿಹೋಗಿದ್ದನು, ಸಿಕ್ಕಿದನು' ಅಂತ ಇದೆ. ಪೋಲಿ ಅನ್ನುವ ಪದಕ್ಕೆ ಮಕ್ಕಳು ನಗುತ್ತವೆ. ನಾನು ನಗಲು ಬಿಡುತ್ತೇನೆ, ಅಲ್ಲಿ ಬೈಗುಳಕ್ಕಿಂತ ಸಿಕ್ಕಿದ ಖುಷಿ ಜಾಸ್ತಿ. ಮತ್ತೆ ಪೌಲ ಪಾಪಿಗಳಲ್ಲಿ ಮೊದಲನೆಯವನು ಯಾರು ಅಂತ ಬರೆದಾಗ ಬೆರಳು ತೋರಿಸಿದ್ದು ತನ್ನ ಕಡೆಗೇ.

ನೈಟ್‌ಡ್ಯೂಟಿ_ಅಕ್ಕ

ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಈ ವಾರ ಅಪ್ಪನ ಜೊತೆ ಮಾತಾಡುವಾಗ ನಾನು 'ನಿಮ್ಮ ಮಗ' ಅಂತಲೇ ಹೇಳುತ್ತಿದ್ದೇನೆ. ನಿಮ್ಮ ಮಗ ಬಂದರೆ ಎಲ್ಲಿ ಮಲಗ್ತಾನೆ, ನಿಮ್ಮ ಮಗನಿಗೆ ಟವೆಲ್ ಇದೆಯಾ. ನನಗೇ ಗೊತ್ತಿರಲಿಲ್ಲ.

ಆದರೂ ಸಿಟ್ಟು ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಪ್ರಶ್ನೆ. ಕುರಿಗೋಸ್ಕರ ಕುರುಬ ಹೋದ. ನಾಣ್ಯಕ್ಕೋಸ್ಕರ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿದಳು. ಮಗನಿಗೋಸ್ಕರ ಅಪ್ಪ ಯಾಕೆ ಹುಡುಕಿಕೊಂಡು ಹೋಗಲಿಲ್ಲ? ನಮ್ಮ ಅಪ್ಪನೂ ಹೋಗಲಿಲ್ಲ. ನಾಲ್ಕು ವರ್ಷ ಬಾಗಿಲು ತೆಗೆದಿಟ್ಟು ಕೂತರು, ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಲಿಲ್ಲ. ಅದು ಪ್ರೀತಿನಾ, ಕೈಲಾಗದಿರುವುದಾ?

ದುರ್ಗದ_ಹುಡುಗ

ಅಕ್ಕಾ, ನಾನು ಚಿತ್ರದುರ್ಗದವನು, ಈಗ ಸೆಮಿನರಿಯಲ್ಲಿ, ಅಂದರೆ ಪಾದ್ರಿ ಆಗಲು ಓದುವ ಕಾಲೇಜಿನಲ್ಲಿ, ಎರಡನೇ ವರ್ಷ. ನಮ್ಮ ಕ್ಲಾಸಿನಲ್ಲಿ ಇದೇ ಪ್ರಶ್ನೆಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ನನಗೆ ತೋಚಿದ್ದು ಹೇಳುತ್ತೇನೆ, ಮೇಷ್ಟ್ರು ತಿದ್ದಲಿ.

ಕುರಿಗೆ ದಾರಿ ಗೊತ್ತಿಲ್ಲ. ನಾಣ್ಯಕ್ಕೆ ತಾನು ಕಳೆದುಹೋಗಿದ್ದೇನೆ ಅನ್ನುವುದೇ ಗೊತ್ತಿಲ್ಲ, ಅದು ಮನೆಯೊಳಗೇ ಕಳೆದುಹೋಗಿರುವುದು ಬೇರೆ. (ಆ ಬೆಳ್ಳಿ ನಾಣ್ಯದ ಹೆಸರು ದ್ರಾಕ್ಮ, ಒಂದು ದ್ರಾಕ್ಮ ಅಂದರೆ ಕೂಲಿಯವನ ಒಂದು ದಿನದ ಸಂಬಳದಷ್ಟು. ಅದಕ್ಕೆ ಅಷ್ಟು ಗುಡಿಸುವುದಾ ಅನ್ನುವವರು ದಿನಗೂಲಿ ಕಂಡವರಲ್ಲ.) ಮಗನ ವಿಷಯ ಹಾಗಲ್ಲ. ಅವನಿಗೆ ದಾರಿ ಗೊತ್ತು, ತನ್ನ ಕಾಲಿಂದಲೇ ನಡೆದು ಹೋದವನು. ಕೈಹಿಡಿದು ಎಳೆತಂದರೆ ಆಳು ಬರುತ್ತಾನೆ, ಮಗ ಬರಲ್ಲ. ಅದಕ್ಕೇ ಅಪ್ಪ ಕಾದ ಅಂತ ನನಗನಿಸುತ್ತೆ. ಆದರೆ ಕಾಯುವುದು ಅಂದರೆ ಏನೂ ಮಾಡದೇ ಇರುವುದಲ್ಲ. ಇನ್ನೂ ದೂರದಲ್ಲಿರುವಾಗಲೇ ಕಂಡ ಅಂತ ಇದೆ. ದೂರದಲ್ಲಿ ಬರುವವನು ಕಾಣಬೇಕಾದರೆ ದಿನಾ ಆ ದಾರಿ ನೋಡುತ್ತಿರಬೇಕಲ್ವಾ.

ಆಮೇಲೆ ಓಡಿದ. ಇದು ನಮಗೆ ಸಣ್ಣ ಮಾತು ಅನಿಸುತ್ತೆ. ನಮ್ಮ ದುರ್ಗದ ಸಂತೆಪೇಟೆ ಬೀದಿಯಲ್ಲಿ ಎಪ್ಪತ್ತು ದಾಟಿದ, ಊರೆಲ್ಲ ಕೈ ಮುಗಿಯುವ ಯಜಮಾನರೊಬ್ಬರು ಪಂಚೆ ಮೇಲೆತ್ತಿಕೊಂಡು ಓಡುವುದನ್ನು ನೆನೆಸಿಕೊಳ್ಳಿ. ಅಂಗಡಿಯವರೆಲ್ಲ ಎದ್ದು ನಿಂತು ನೋಡುತ್ತಾರೆ. ಆ ಕಾಲದ ಹಿರಿಯರಿಗೂ ಅದು ಮರ್ಯಾದೆಯ ಕೆಲಸ ಆಗಿರಲಿಲ್ಲ. ಮಗನಿಗೆ ಸಿಗಬೇಕಾದ ನಗೆಪಾಟಲನ್ನು ಅಪ್ಪ ತನ್ನ ಮೇಲೆ ಹಾಕಿಕೊಂಡ. ಮಗ ಮಾತು ಕಟ್ಟಿಕೊಂಡು ಬಂದಿದ್ದ, ನನ್ನನ್ನು ಕೂಲಿಯವನಾಗಿ ಇಟ್ಟುಕೋ ಅಂತ ಕೇಳಬೇಕು ಅಂತ. ಆ ಸಾಲಿಗೆ ಬರುವಷ್ಟರಲ್ಲೇ ಅಪ್ಪ ನಡುವೆ ಬಾಯಿ ಹಾಕಿ ಆಳುಗಳಿಗೆ ಅಂಗಿ ತನ್ನಿ, ಕೆರ ತನ್ನಿ ಅನ್ನುತ್ತಿದ್ದಾನೆ. ಅಪ್ಪಿಕೊಂಡದ್ದು ಕ್ಷಮೆ ಕೇಳುವುದಕ್ಕೆ ಮುಂಚೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತ ಅಂತ ಪೌಲ ಹೇಳುವುದೂ ಇದನ್ನೇ. ಮೊದಲು ಸರಿಹೋಗು, ಆಮೇಲೆ ಪ್ರೀತಿಸುತ್ತೇನೆ ಅನ್ನುವ ಕ್ರಮ ಅಲ್ಲಿಲ್ಲ.

ಇನ್ನು ಹುಡುಕಿಕೊಂಡು ಹೋಗುವ ಮಾತು. ಕಥೆಯೊಳಗಿನ ಅಪ್ಪ ಹೋಗಲಿಲ್ಲ, ನಿಜ. ಆದರೆ ಕಥೆ ಹೇಳುತ್ತಿದ್ದವರು ಆ ಹೊತ್ತಿನಲ್ಲಿ ಎಲ್ಲಿ ಕೂತಿದ್ದರು? ಆ ಸುಂಕದವರ ಮಧ್ಯೆಯೇ. ಯೆರಿಕೋ ಊರಿನಲ್ಲಿ ಜಕ್ಕಾಯ ಅನ್ನುವ ಸುಂಕದವರ ಮುಖ್ಯಸ್ಥ ಮರ ಹತ್ತಿ ಕೂತಿದ್ದನಲ್ಲ, ಅವನನ್ನು ಹೆಸರು ಹಿಡಿದು ಕೂಗಿ ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದರು. ಊರವರು ಮತ್ತೆ ಗೊಣಗಿದರು. ಕೆಟ್ಟುಹೋದದ್ದನ್ನು ಹುಡುಕಿ ರಕ್ಷಿಸಲಿಕ್ಕೇ ಬಂದೆ ಅಂತ ಯೇಸು ಹೇಳುವುದು ಆ ಮನೆಯಲ್ಲೇ, ಲೂಕ 19ನೇ ಅಧ್ಯಾಯ. ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಎದ್ದು ನಿಂತದ್ದು ಅವರು ಮನೆಗೆ ಬಂದ ಮೇಲೆ, ಬರುವ ಮುಂಚೆ ಅಲ್ಲ. ನಾವು ಕ್ರೈಸ್ತರು ನಂಬುವುದು ಇಷ್ಟು, ದೇವರು ಹುಬ್ಬಳ್ಳಿ ಬಸ್ ಹತ್ತಿದ್ದಾನೆ.

ಒಂದು ಕೊಸರು. ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯ ಪ್ರವಾದಿ ಯೋನನೂ ನಿಮ್ಮ ಹಾಗೇ ಸಿಟ್ಟು ಮಾಡಿಕೊಂಡವನು. ಹಾಳಾಗುತ್ತೆ ಅಂತ ಅವನು ಸಾರಿದ್ದ ನಿನೆವೆ ಊರು ತಿದ್ದಿಕೊಂಡಿತು, ದೇವರು ಶಿಕ್ಷಿಸದೆ ಬಿಟ್ಟುಬಿಟ್ಟ, ಯೋನನಿಗೆ ಹೊಟ್ಟೆ ಉರಿಯಿತು. ಊರ ಹೊರಗೆ ಹೋಗಿ ಕೂತ. ದೇವರು ಅಲ್ಲಿಗೂ ಹೋಗಿ ಮಾತಾಡುತ್ತಾನೆ. ಬಲಗೈ ಎಡಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ ಇದ್ದಾರೆ, ಅಷ್ಟೊಂದು ದನಕರು ಇವೆ, ನಾನು ಕನಿಕರಪಡಬಾರದಾ ಅಂತ ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತೆ, ಯೋನ ಏನಂದ ಅಂತ ಇಲ್ಲ. ಹಿರಿಯ ಮಗ ಒಳಗೆ ಹೋದನಾ ಇಲ್ವಾ ಅಂತಲೂ ಲೂಕ ಬರೆದಿಲ್ಲ.

ಕರಿಕಂಬಳಿ

ದನಕರು ಲೆಕ್ಕ ಹಾಕಿದ ದೇವರು ನನಗೆ ಇಷ್ಟ ಆದ.

ಹರಿಹರದ_ಅಮ್ಮ

ಮಗಳೇ, ನಾವು ಕಥೋಲಿಕರು. ಇಲ್ಲಿ ಆರೋಗ್ಯ ಮಾತೆಯ ಗುಡಿ ಹತ್ತಿರವೇ ಮನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ, ಎಲ್ಲ ಜಾತಿಯವರೂ. ಮೇಣದ ಬತ್ತಿ ಹಿಡಿದು ನಿಂತ ಹೆಂಗಸರಲ್ಲಿ ಎಷ್ಟು ಜನ ಗಂಡನಿಗೆ, ಮಗನಿಗೆ ಕುಡಿತ ಬಿಡಲಿ ಅಂತ ನಿಂತಿರುತ್ತಾರೆ ಅಂತ ನನಗೆ ಗೊತ್ತು. ನಾನೂ ಅದೇ ಸಾಲಿನವಳು.

ಎಲ್ಲರೂ ಬಂದವನ ಬಗ್ಗೆ ಬರೆಯುತ್ತಿದ್ದೀರಿ. ನನ್ನ ಮಗ ಇನ್ನೂ ಬಂದಿಲ್ಲ. ಏಳು ವರ್ಷ. ನಮ್ಮ ಫಾದರ್ ಒಂದು ಸಲ ಸಂತ ಮೋನಿಕಾ ಕಥೆ ಹೇಳಿದರು. ಅವರ ಮಗ ಅಗಸ್ಟೀನ್ ದಾರಿ ಬಿಟ್ಟು ಅಲೆದವನು. ಆಫ್ರಿಕಾದಿಂದ ಇಟಲಿವರೆಗೂ ತಾಯಿ ಅವನ ಹಿಂದೆ ಹೋದಳು, ಅಳುತ್ತಲೇ. ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಅಂತ ಒಬ್ಬ ಬಿಷಪರು, ಅಂದರೆ ಹಿರಿಯ ಗುರುಗಳು, ಅವಳಿಗೆ ಹೇಳಿದ್ದರಂತೆ. ಕ್ರಿ.ಶ. 387ರಲ್ಲಿ ಮಿಲಾನ್ ಊರಿನಲ್ಲಿ ಅವನಿಗೆ ದೀಕ್ಷಾಸ್ನಾನ ಆಯಿತು, ಅಂದರೆ ಕ್ರೈಸ್ತನಾದ. ಅದೇ ವರ್ಷ ತಾಯಿ ತೀರಿಕೊಂಡಳು. ಹುಡುಕಿಕೊಂಡು ಹೋಗುವವರೂ ಇದ್ದಾರೆ, ಕಾದು ಕೂರುವವರೂ ಇದ್ದಾರೆ. ನನಗೆ ಮಗ ಯಾವ ಊರಲ್ಲಿದ್ದಾನೆ ಅಂತಲೇ ಗೊತ್ತಿಲ್ಲ, ಅದಕ್ಕೆ ಕೂತಿದ್ದೇನೆ. ನನಗೆ ಗೊತ್ತಿಲ್ಲದ ವಿಳಾಸ ದೇವರಿಗೆ ಗೊತ್ತಿದೆ ಅನ್ನುವುದೊಂದೇ ನನ್ನ ನಂಬಿಕೆ.

ಈಗ ಬುದ್ಧಿಮಾತು, ಬೈದುಕೊಂಡರೂ ಪರವಾಗಿಲ್ಲ. ಊಟ ಹಾಕು, ಹಾಸಿಗೆ ಕೊಡು, ಬೀರು ಕೀಲಿ ಕೊಡಬೇಡ. ಕೈಗೆ ದುಡ್ಡು ಕೊಡಬೇಡ, ಆಟೋಗೆ ಅಂದರೆ ಆಟೋದವನಿಗೇ ಕೊಡು. ಎಟಿಎಂ ಕಾರ್ಡು ನಿನ್ನ ಹತ್ತಿರವೇ ಇರಲಿ, ಅಪ್ಪನ ಹತ್ತಿರ ಬೇಡ. ಕುಡಿತ ಬಿಡಿಸುವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು, ನೀನು ನರ್ಸು, ನಿನಗೆ ಹೇಳಬೇಕಾಗಿಲ್ಲ. ನಾವು ಪಾಪನಿವೇದನೆ ಮಾಡಿದಾಗಲೂ ಫಾದರ್ ಕ್ಷಮೆ ಹೇಳಿ ಸುಮ್ನೆ ಕಳಿಸಲ್ಲ, ಪ್ರಾಯಶ್ಚಿತ್ತ ಅಂತ ಏನಾದರೂ ಮಾಡಲಿಕ್ಕೆ ಹೇಳುತ್ತಾರೆ. ನಿನ್ನ ತಮ್ಮನೂ ಆ ಸರದ ದುಡ್ಡು ತಿಂಗಳಿಗೆ ಐನೂರಾದರೂ ಕೊಡಲಿ.

ಮಂಡಕ್ಕಿ_ಮೆಣಸಿನಕಾಯಿ

ಮೇಷ್ಟ್ರ ಕಲ್ಲಿನ ಮಾತು ತಲೆಯಲ್ಲಿ ಕೂತಿದೆ. ಒಪ್ಪಿದೆ ಅಂತಲ್ಲ. ಅಕ್ಕಾ, ಭಾನುವಾರ ಏನಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇವೆ.

ನೈಟ್‌ಡ್ಯೂಟಿ_ಅಕ್ಕ (ಭಾನುವಾರ ರಾತ್ರಿ)

ಬಂದ. ಹನ್ನೊಂದೂವರೆಗೆ, ಒಂದು ಕ್ಯಾರಿಬ್ಯಾಗ್ ಹಿಡಿದುಕೊಂಡು.

ಅಪ್ಪ ಓಡಲಿಲ್ಲ, ಮಂಡಿ ನೋವು. ಕಟ್ಟೆ ಇಳಿದು ಗೇಟಿನವರೆಗೆ ಹೋದರು. ಇಬ್ಬರೂ ಏನೂ ಮಾತಾಡಲಿಲ್ಲ. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ, ಹೊರಗೆ ಹೋಗಲಿಲ್ಲ. ಮಸಾಲೆ ರುಬ್ಬುವುದಿತ್ತು. ಇತ್ತು ಅಂತ ಇಟ್ಟುಕೊಳ್ಳಿ.

ಊಟಕ್ಕೆ ಕೂತಾಗ 'ಅಕ್ಕಾ, ಸರ...' ಅಂತ ಶುರು ಮಾಡಿದ. ಆಮೇಲೆ ಮಾತಾಡೋಣ, ಊಟ ಮಾಡು ಅಂದೆ. ಎರಡು ಕೇಜಿ ಮಟನ್ ಮಾಡಿದ್ದು, ಅವನು ತಿಂದದ್ದು ನಾಲ್ಕು ತುಂಡು. ಹೊಟ್ಟೆ ತುಂಬಿತು ಅಂದ. ಅಪ್ಪನಿಗೆ ಬೇಜಾರು, ನನಗೆ ಬೇರೆ ಅನುಮಾನ.

ಮಧ್ಯಾಹ್ನ ಅಪ್ಪ ಚಪ್ಪಲಿ ತಂದು ಮುಂದಿಟ್ಟರು. ಹಾಕಿಕೊಳ್ಳಲು ಹೋದ, ಹಿಡಿಯಲಿಲ್ಲ. ಒಂಬತ್ತೇ ಅಲ್ವಾ ನಿಂದು, ಒಂಬತ್ತೇ ಅಲ್ವಾ ಅಂತ ಅಪ್ಪ ಎರಡು ಸಲ ಕೇಳಿದರು, ತಮ್ಮದೇ ತಪ್ಪು ಅನ್ನುವ ಹಾಗೆ. ನಾನು ಹೋಗಿ ಕೆಳಗೆ ಕೂತು ಅವನ ಪ್ಯಾಂಟು ಸ್ವಲ್ಪ ಮೇಲೆತ್ತಿದೆ. ಎರಡೂ ಕಾಲು ಊದಿವೆ. ಹೆಬ್ಬೆರಳಿಟ್ಟು ಮೊಳಕಾಲಿನ ಮುಂದೆ ಒತ್ತಿ ಬಿಟ್ಟೆ, ಬಿದ್ದ ಗುಳಿ ಹಾಗೇ ನಿಂತಿತು. ವಾರ್ಡಿನಲ್ಲಿ ದಿನಾ ನೋಡುವುದೇ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಹಳದಿ ಇದೆ. ಎಷ್ಟು ದಿನದಿಂದ ಹೀಗೆ ಅಂದರೆ ನೆಲ ನೋಡಿದ. ನಾಲ್ಕು ವರ್ಷ ಅವನಿಗೆ ಹೇಳಬೇಕು ಅಂತ ಮನಸ್ಸಿನಲ್ಲಿ ಒಂದು ಭಾಷಣವನ್ನೇ ತಯಾರು ಮಾಡಿಟ್ಟಿದ್ದೆ, ಒಂದೊಂದು ಮಾತೂ ಬಾಯಿಪಾಠ. ಅವನ ಕಾಲು ಹಿಡಿದುಕೊಂಡು ಕೂತಾಗ ಒಂದೂ ಬರಲಿಲ್ಲ.

ಕ್ಷಮಿಸಿದೆನಾ ಅಂತ ಕೇಳಬೇಡಿ. ಬೀರು ಕೀಲಿ ನನ್ನ ಸೊಂಟದಲ್ಲಿದೆ, ಹರಿಹರದ ಅಮ್ಮ. ನಿಮ್ಮ ಮಗನ ಹೆಸರು ಗೊತ್ತಿಲ್ಲ, ಆದರೂ ಇವತ್ತು ಚರ್ಚಿನಲ್ಲಿ ಮನಸ್ಸಿನಲ್ಲೇ ಹೇಳಿದೆ.

ರಾತ್ರಿ ಹತ್ತರ ಹೊತ್ತಿಗೆ ನಾನು ಹೊರಗೆ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದೆ. ನಾಳೆ ಇವನ ರಕ್ತ ಪರೀಕ್ಷೆ, ಹೊಟ್ಟೆ ಸ್ಕ್ಯಾನು ಆಗಬೇಕು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಎಂದಿನ ಹಾಗೆ ಬಾಗಿಲಿಗೆ ಒತ್ತಿಡುತ್ತಾರೆ ಅಂದುಕೊಂಡೆ. ಇಲ್ಲ, ಕುರ್ಚಿ ಗೋಡೆ ಪಕ್ಕಕ್ಕೆ ಹೋಯಿತು. ಅಪ್ಪ ಬಾಗಿಲಿನ ಹತ್ತಿರ ಬಂದು, ಮೇಲಿನ ಚಿಲಕದ ಮೇಲೆ ಕೈ ಇಟ್ಟುಕೊಂಡು ಕತ್ತಲೆಯೊಳಗೆ ಇಣುಕಿದರು. 'ನೀನು ಇನ್ನೂ ಹೊರಗೇ ಇದ್ದೀಯಲ್ಲ' ಅಂದರು.

ಮಾತು ಮುಗಿಸಿ ಬರ್ತೀನಿ ಅಪ್ಪಾ, ನೀವು ಮಲಗಿ ಅಂದೆ. ಅವರು ಮಲಗಲಿಲ್ಲ. ನಾನು ಫೋನ್ ಇಡುವವರೆಗೂ ಚಿಲಕ ಹಿಡಿದುಕೊಂಡು ನಿಂತೇ ಇದ್ದರು, ಸೊಳ್ಳೆ ಹೊಡೆದುಕೊಳ್ಳುತ್ತಾ.

ಚಪ್ಪಲಿ ಹನ್ನೊಂದಕ್ಕೆ ಬದಲಾಯಿಸಬೇಕು. ಬಿಲ್ ಎಲ್ಲಿಟ್ಟಿದ್ದಾರೋ, ಬೆಳಿಗ್ಗೆ ಎದ್ದು ಹುಡುಕಬೇಕು.